ಭಾಮೈದನ ಮನೆಯಲ್ಲಿ ವಿಸ್ಕಿ ಮೌಲ್ಯಮಾಪನ

ಮನುಷ್ಯನಿಗೆ ಅವಮಾನ ಆಗಲೇಬೇಕೆಂದು ಹಣೆಯಲ್ಲಿ ಬರೆದಿದ್ದರೆ ಅದು ಬಸ್ ನಿಲ್ದಾಣದಲ್ಲಾಗಲಿ, ಕಚೇರಿಯಲ್ಲಾಗಲಿ, ಭಾಮೈದನ ಮನೆಯಲ್ಲಿ ಮಾತ್ರ ಆಗಬಾರದು. ಬೇರೆ ಕಡೆ ಆದದ್ದನ್ನು ಮನೆಗೆ ಬಂದು ನಮಗೆ ಬೇಕಾದ ಹಾಗೆ ತಿದ್ದಿ ಹೆಂಡತಿಗೆ ಹೇಳಬಹುದು. ಭಾಮೈದನ ಮನೆಯಲ್ಲಿ ಆದದ್ದಕ್ಕೆ ಹೆಂಡತಿಯೇ ಸಾಕ್ಷಿ. ನನ್ನ ವಿಷಯದಲ್ಲಂತೂ ಆಕೆ ಬರೀ ಸಾಕ್ಷಿಯಾಗಿ ಉಳಿಯಲಿಲ್ಲ. ಅದನ್ನು ಈಗಲೇ ಹೇಳಲು ಹೊರಟರೆ ಸಿಟ್ಟು ನೆತ್ತಿಗೇರಿ ಬರವಣಿಗೆ ಕೆಡುತ್ತದೆ. ಮೊದಲಿಂದಲೇ ಹೇಳುತ್ತೇನೆ.

ನಾನು ಕಡೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ಕುಡಿತದಲ್ಲಿ ಮಿತವಾದಿ. ಅಪರೂಪಕ್ಕೊಮ್ಮೆ ಗೆಳೆಯರು, ಖಾರದ ಕಡಲೆಬೀಜ, ಹೆಚ್ಚಿದ ಸೌತೆಕಾಯಿ, ಅಷ್ಟೆ. ಆದರೆ ಆ ಬಳಗದಲ್ಲಿ ನನಗೊಂದು ಹೆಸರಿತ್ತು. ‘ಮೇಷ್ಟ್ರು ಮೂಸಿ ನೋಡೇ ಹೇಳ್ತಾರೆ, ಯಾವ ವಿಸ್ಕಿ ಅಂತ’ ಎನ್ನುತ್ತಿದ್ದರು. ನಾನು ಹೇಳುವಾಗ ಸೀಸೆ ಎದುರಿಗೇ ಇರುತ್ತಿತ್ತು ಎನ್ನುವುದು ಬೇರೆ ಮಾತು. ಹೆಸರು ಹೆಸರೇ.

ನನ್ನ ಹೆಂಡತಿ ಶಾಂತಲಾಳ ತಮ್ಮ ಮಂಜುನಾಥನಿಗೆ ತರೀಕೆರೆಯಲ್ಲಿ ಸಿಮೆಂಟ್ ಅಂಗಡಿ. ಮೊನ್ನೆಮೊನ್ನೆಯವರೆಗೂ ಅವನು ರಮ್ಮಿಗೆ ಕೈಗೆ ಸಿಕ್ಕ ಬಣ್ಣದ ಪಾನೀಯ ಸುರಿದುಕೊಂಡು ಕುಡಿಯುತ್ತಿದ್ದವನು. ವ್ಯಾಪಾರಿಗಳ ಸಭೆಗೆಂದು ಬೆಂಗಳೂರಿಗೆ ಹೋದಾಗ ಹೋಟೆಲಿನವರು ಸಂಜೆಯ ಮನರಂಜನೆಗೆ ವಿಸ್ಕಿ ಸವಿಯುವುದು ಹೇಗೆಂದು ಕಲಿಸಿದರಂತೆ. ಒಂದು ಸಂಜೆ, ಅಷ್ಟೇ! ನಾನು ಎಂ.ಎ. ಮಾಡಲು ಎರಡು ವರ್ಷ ಒದ್ದಾಡಿದೆ; ಇವನು ಊಟಕ್ಕೆ ಮುಂಚೆ ಪಂಡಿತನಾಗಿ ಬಂದ. ಬಂದವನೇ ಫೋನ್ ಮಾಡಿದ.

“ಭಾವ, ಭಾನುವಾರ ಅಕ್ಕನ್ನ ಕರ್ಕೊಂಡು ಬಂದ್ಬಿಡಿ. ಅಮೆರಿಕದ್ದು ಎರಡು, ಐರ್ಲೆಂಡಿಂದು ಎರಡು ತರಿಸಿದೀನಿ. ಮೌಲ್ಯಮಾಪನ ಮಾಡೋಣ.”

ಮೌಲ್ಯಮಾಪನ! ಆ ಪದ ಕೇಳಿಯೇ ನಾನು ಜಾಗೃತನಾಗಬೇಕಿತ್ತು. ಪ್ರತಿವರ್ಷ ಉತ್ತರ ಪತ್ರಿಕೆ ತಿದ್ದಿ ಕಣ್ಣು ಹಾಳು ಮಾಡಿಕೊಂಡವನು ನಾನು. ಆದರೂ ವಿಸ್ಕಿ ಎಂದಮೇಲೆ ವಿವೇಕಕ್ಕೆ ಎಲ್ಲಿ ಜಾಗ? ಕುಡಿಯುವ ದಿನ ಕಾರು ಬೇಡವೆಂದು ಬೆಳಗಿನ ಬಸ್ಸಿಗೇ ಹೊರಟೆವು.

ಅಲ್ಲಿ ಅಜ್ಜಂಪುರದ ದನದ ಡಾಕ್ಟರು ಓಂಕಾರಪ್ಪನವರು ಆಗಲೇ ಬಂದು ಕೂತಿದ್ದರು. ಅವರು ಮಂಜುವಿನ ಗೆಳೆಯರು, ಯಾರು ಏನು ಹೇಳಿದರೂ ಹೌದೆನ್ನುವ ಸಾತ್ವಿಕರು. ಮೇಜಿನ ಮೇಲೆ ಹೂಮೊಗ್ಗಿನಾಕಾರದ ಪುಟ್ಟ ಲೋಟಗಳು, ಒಂದೊಂದಕ್ಕೂ ಒಂದೊಂದು ನಂಬರು. ಪ್ರತಿಯೊಂದರ ತಳದಲ್ಲೂ ಮಕ್ಕಳಿಗೆ ಹಾಕುವ ಔಷಧಿಯಷ್ಟು ವಿಸ್ಕಿ. ಸೀಸೆಗಳು ಬೀರುವಿನೊಳಗೆ ಬಂದಿ. ಕಡಲೆಬೀಜವಿಲ್ಲ, ಉಪ್ಪಿಲ್ಲದ ಬಿಸ್ಕತ್ತು. ಕೆಳಗೊಂದು ಪ್ಲಾಸ್ಟಿಕ್ ಬಕೆಟ್ಟು.

“ಇದ್ಯಾಕಪ್ಪಾ?” ಎಂದೆ.

“ಉಗಿಯಕ್ಕೆ ಭಾವ. ಬಾಯಲ್ಲಿ ಆಡಿಸಿ ಉಗಿದ್ಬಿಡಬೇಕು. ವಿಸ್ಕಿ ಇರೋದು ಗಂಟಲಿಗಲ್ಲ, ಮೂಗಿಗೆ.”

ಓದುಗರೇ, ನೀವೇ ಹೇಳಿ. ಸಮುದ್ರ ದಾಟಿ ತರೀಕೆರೆಯವರೆಗೆ ಬಂದ ವಿಸ್ಕಿಯನ್ನು ಬಕೆಟ್ಟಿಗೆ ಉಗಿಯುವುದು ಯಾವ ನ್ಯಾಯ? ಅಡುಗೆಮನೆಯಿಂದ ಕೋಳಿಸಾರಿನ ಘಮ ಬೇರೆ. “ಆ ಬಾಗಿಲು ಹಾಕ್ರೀ, ಮಸಾಲೆ ವಾಸನೆಗೆ ಮೂಗು ಕೆಡ್ತದೆ” ಎಂದು ಮಂಜು ಕೂಗಿದ. ನನ್ನ ಮೂಗು ಕೆಟ್ಟಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಸರಿಯಾದ ದಿಕ್ಕಿಗೆ ತಿರುಗಿತ್ತು.

ಮೊದಲ ಲೋಟ ಮೂಸಿದೆ. “ಸುಟ್ಟ ಬೆಲ್ಲ” ಎಂದೆ. ಮಂಜು ತಲೆ ಅಡ್ಡಡ್ಡ ಆಡಿಸಿ ಸೊನ್ನೆ ಕೊಟ್ಟ. ಡಾಕ್ಟರು ಮೂಸಿ, “ಕ್ಯಾರಮೆಲ್ ಇರಬೋದೇನೋ” ಎಂದರು. ಪೂರ್ತಿ ಅಂಕ! ನನ್ನ ರಕ್ತ ಕುದಿಯಿತು. “ಲೇ ಮಂಜು, ಕ್ಯಾರಮೆಲ್ ಅಂದ್ರೆ ಇನ್ನೇನೋ? ಸಕ್ಕರೆ ಸುಟ್ರೆ ಪಾಸು, ಬೆಲ್ಲ ಸುಟ್ರೆ ಫೇಲಾ?” ಎಂದೆ. “ಅಮೆರಿಕದಲ್ಲಿ ಬೆಲ್ಲ ಎಲ್ಲಿ ಬತ್ತದೆ ಭಾವ?” ಎಂದ. ಮುಸುಕಿನ ಜೋಳದ ಮದ್ಯವನ್ನು ಒಳಗೆಲ್ಲ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಆ ಸಿಹಿ, ಆ ವೆನಿಲ್ಲಾ ಬರುತ್ತದೆಂದೂ, ಐರ್ಲೆಂಡಿನವರು ಬಾರ್ಲಿಯದನ್ನು ಸಾಮಾನ್ಯವಾಗಿ ಮೂರು ಸಲ ಬಟ್ಟಿ ಇಳಿಸುವುದರಿಂದ ಅದು ಹಗುರ, ಸೇಬಿನ ಹಾಗೆ ಎಂದೂ ಭಾಷಣ ಮಾಡಿದ. ಸಿಮೆಂಟ್ ಮಾರುವವನಿಗೆ ಇಷ್ಟು ವಿದ್ಯೆ ಯಾಕೆ ಬೇಕು?

ನಂತರ ಯಾವುದು ಅಮೆರಿಕದ್ದು, ಯಾವುದು ಐರಿಷ್ ಎಂದು ಗುರುತಿಸುವ ಪರೀಕ್ಷೆ. ನಾನು ಕಣ್ಣು ಮುಚ್ಚಿ, ಲೋಟ ತಿರುಗಿಸಿ, ಹೋಟೆಲಿನವರೂ ಕಲಿಸಿರದ ಗಾಂಭೀರ್ಯದಿಂದ ಹೇಳಿದೆ. ನಾಲ್ಕೂ ತಪ್ಪು. ಅರ್ಧ ಸರಿಯಾಗುವುದು ಕುರುಡು ಅದೃಷ್ಟಕ್ಕೂ ಸಾಧ್ಯ. ಎಲ್ಲವನ್ನೂ ತಪ್ಪಾಗಿ ಹೇಳಲು ಪ್ರತಿಭೆ ಬೇಕು. ಡಾಕ್ಟರು ಮೊದಲ ಬಾರಿಗೆ ನನ್ನ ಮಾತಿಗೆ ಹೌದೆನ್ನದೆ ಕಿಟಕಿಯಾಚೆ ನೋಡಿದರು. ನಾನು ಮರುಮೌಲ್ಯಮಾಪನಕ್ಕೆ ಒತ್ತಾಯಿಸಿದೆ. ನಂಬರು ಅಂಟಿಸುವಾಗ ಅದಲುಬದಲಾಗಿದೆ ಎಂದು ವಾದಿಸಿದೆ.

ಅಷ್ಟರಲ್ಲಿ ಶಾಂತಲಾ ಊಟಕ್ಕೆ ಕರೆಯಲು ಬಂದಳು. “ಅಕ್ಕ, ನೀನೇ ಒಂದ್ಸಲ ಮೂಸಿ ನೋಡೇ. ಭಾವ ಜಗಳ ಆಡ್ತಾವ್ರೆ” ಎಂದ ಮಂಜು. ಆಕೆ ಬೇಳೆ ಹಳಸಿದೆಯೋ ಎಂದು ನೋಡುವ ಹಾಗೆ, ನಿಂತುಕೊಂಡೇ, ಒಂದೊಂದು ಲೋಟಕ್ಕೂ ಮೂಗು ತಾಗಿಸಿದಳು.

“ಇವೆರಡು ಒಂದು ಜಾತಿ, ಅವೆರಡು ಒಂದು ಜಾತಿ. ಇವಕ್ಕೆ ಸುಟ್ಟ ಬೆಲ್ಲದ ವಾಸನೆ.”

“ಕರೆಕ್ಟು ಅಕ್ಕ!” ಎಂದ ನನ್ನ ಭಾಮೈದ. ಬೆಲ್ಲಕ್ಕೆ! ಅದೇ ಬೆಲ್ಲಕ್ಕೆ!

ಆಕೆ ಕೊನೆಯ ಲೋಟವನ್ನು ಇನ್ನೊಮ್ಮೆ ಮೂಸಿ ನನ್ನ ಕಡೆ ತಿರುಗಿದಳು. “ರೀ, ಇದು ನಿಮ್ಮ ಪ್ರಿನ್ಸಿಪಾಲರ ಬೀಳ್ಕೊಡುಗೆ ದಿನದ್ದಲ್ವಾ? ಬರೀ ಮಜ್ಜಿಗೆ ಕುಡಿದ್ವಿ ಅಂದಿದ್ರಲ್ಲ?”

ಡಾಕ್ಟರು ಮೆಲ್ಲಗೆ, “ಐರಿಷ್ ಮಜ್ಜಿಗೆ ಇರಬೋದು” ಎಂದರು.

“ಅಲ್ಲಾ ಕಣೇ ಅಕ್ಕ, ನೀನು ಎಲ್ಲಿ ಕಲಿತೆ?” ಎಂದು ಮಂಜು ಬೆರಗಾದ.

“ಇವರು ಬಂದಾಗೆಲ್ಲ ಬಾಗಿಲು ತೆಗೆಯೋಳು ನಾನೇ ಕಣೋ” ಎಂದು ಹೇಳಿ ಆಕೆ ಎಲೆ ಹಾಕಲು ಹೋದಳು.

ನನ್ನ ಆಕ್ರೋಶ ಇಲ್ಲಿದೆ. ಕುಡಿದವನು ನಾನು. ತಲೆನೋವು ನನ್ನದು. ಮಾರನೆಯ ದಿನದ ಮಾತು ಕೇಳಿದವನೂ ನಾನು. ವಿದ್ಯೆ ಮಾತ್ರ ಬಾಗಿಲಲ್ಲಿ ನಿಂತವಳಿಗೆ ಹೋಯಿತು!

ಸುದ್ದಿ ಹರಡಲು ತಡವಾಗಲಿಲ್ಲ. ಮಂಜು ಲಕ್ಕವಳ್ಳಿಯಲ್ಲಿ ಸ್ನೇಹಿತನ ಮನೆಯಲ್ಲಿ ದೊಡ್ಡ ಕೂಟವನ್ನೇ ಏರ್ಪಡಿಸಿದ. ತೀರ್ಪುಗಾರರು ಶ್ರೀಮತಿ ಶಾಂತಲಾ. ನನಗೂ ಕರೆ ಬಂತು. “ಅಕ್ಕನ್ನ ಕಾರಲ್ಲಿ ಕರ್ಕೊಂಡು ಬನ್ನಿ ಭಾವ. ಆದ್ರೆ ಡ್ರೈವ್ ಮಾಡೋರು ಮುಟ್ಟಂಗಿಲ್ಲ, ಆಯ್ತಾ?” ಎಂದ. ನಾನು ಜಗಲಿಯಲ್ಲಿ ಕೂತು ಪಾನಕ ಕುಡಿದೆ. ಒಳಗೆ ಆಕೆ ಒಂದು ತೊಟ್ಟೂ ಬಾಯಿಗೆ ಹಾಕದೆ, ಗಂಡಸರ ಸಾಲನ್ನೇ ತಿದ್ದುತ್ತಿದ್ದುದು ಕೇಳಿಸುತ್ತಿತ್ತು.

ಎಲ್ಲ ಮುಗಿದು ಆಕೆ ಬಂದು ಕಾರಿನಲ್ಲಿ ಕೂತಳು. ಸೀಟ್ ಬೆಲ್ಟ್ ಎಳೆದುಕೊಳ್ಳುವಾಗ ಆಕೆಯ ಕೈ ನನ್ನ ಮುಖದ ಹತ್ತಿರ ಹಾಯಿತು. ನಾನು ಬಿಡಲಿಲ್ಲ. ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದುಕೊಂಡೆ.

“ನಿಂಬೆ ಹೂವು. ಹಿಂದೆ ಸ್ವಲ್ಪ ಜೇನು. ಖಂಡಿತಾ ಐರಿಷ್. ಒಳ್ಳೇ ಮಾಲು, ಅಲ್ವಾ?”

“ಅದು ಅವರ ಮನೆ ಕೈ ತೊಳೆಯೋ ಸೋಪು ಕಣ್ರೀ” ಎಂದಳು. “ಗಾಡಿ ತೆಗೀರಿ.”