ಕಿಟಕಿಗೆ ತೂಗಿದ ಸಾಸೇಜು

ಗಾಸ್ಪಾರ್ ಮಾಡಿದ್ದು ಇಷ್ಟೇ: ಗುರುವಾರ ಬೆಳಿಗ್ಗೆ ಐದು ಸಾಸೇಜುಗಳನ್ನು ದಾರಕ್ಕೆ ಕಟ್ಟಿ ಬೀದಿ ಕಡೆಯ ಕಿಟಕಿಗೆ ತೂಗುಹಾಕಿದ. ಪೋರ್ಚುಗಲ್‌ನಲ್ಲಿ ಮೂವತ್ತು ವರ್ಷ ಅದನ್ನೇ ಮಾಡಿದ್ದ. ಹಂದಿ ಮುಟ್ಟದ ಯಹೂದಿಗಳನ್ನು ಅಲ್ಲಿ ಹುಡುಕಿ ಹುಡುಕಿ ಸುಡುತ್ತಿದ್ದರು. ಕೋಳಿಮಾಂಸಕ್ಕೆ ಬ್ರೆಡ್ಡು ಬೆರೆಸಿ ಹಂದಿಯದರಂತೆ ಕಾಣಿಸಿದರೆ, 'ಇವನು ಯಹೂದಿಯಲ್ಲ ಬಿಡು' ಎಂದು ಪಾದ್ರಿಗಳ ಗೂಢಚಾರರು ಮುಂದೆ ಹೋಗುತ್ತಿದ್ದರು. ಆಮ್‌ಸ್ಟರ್‌ಡ್ಯಾಮಿಗೆ ಓಡಿಬಂದು ನಾಲ್ಕು ತಿಂಗಳಾಗಿತ್ತು. ಇಲ್ಲಿ ಬೀದಿಯೆಲ್ಲ ಯಹೂದಿಗಳೇ. ಆದರೆ ಕೈಗೆ ಅದು ಗೊತ್ತಾಗಬೇಕಲ್ಲ!

ಎದುರುಮನೆಯ ಒರೊವಿದಮ್ಮ ಕಿಟಕಿ ತೆರೆದವಳೇ ಕಿರುಚಿದಳು.

"ಅಯ್ಯಯ್ಯೋ! ನಮ್ಮ ಬೀದೀಲಿ ಹಂದಿ ತೂಗ್ತಿದೆ!"

"ಕೋಳಿ ಕಣಮ್ಮಾ, ಕೋಳಿ!"

"ನಂಗೇ ಕಾಗೆ ಹಾರಿಸ್ತೀಯಾ? ಲಿಸ್ಬನ್ನಲ್ಲಿ ಹುಟ್ಟಿದೋಳು ನಾನು, ಹಂದಿ ಸಾಸೇಜು ನೋಡಿಲ್ವಾ?"

ಆ ಸಂಜೆಯೇ ಲೂನಾಳೊಂದಿಗೆ ಗಾಸ್ಪಾರನ ನಿಶ್ಚಿತಾರ್ಥ. ಅವಳ ತಂದೆ ಟವಾರೆಸ್ ಪ್ರಾರ್ಥನಾಮಂದಿರದ ಹಿರಿಯರು. ಹಂದಿ ತಿನ್ನುವವನಿಗೆ ಮಗಳನ್ನು ಕೊಡುವುದಿರಲಿ, ಮುಖ ಕೊಟ್ಟು ಮಾತಾಡುವವರೂ ಅಲ್ಲ. ಗಾಸ್ಪಾರ್ ಸಾಸೇಜು ಕಿತ್ತು ಅಂಗಿಯೊಳಗೆ ತುರುಕಿಕೊಂಡು, ಕಾಲುವೆಗೆ ಎಸೆಯಲು ಓಡಿದ. ಸೇತುವೆಯ ಮೇಲೆ ಮೀನು ಕೊಳ್ಳುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಂಗಿಯ ಕೆಳಗಿಂದ ಒಂದು ಸಾಸೇಜು ಇಣುಕುತ್ತಿತ್ತು. ಬಂದ ದಾರಿಯಲ್ಲೇ ವಾಪಸು ಓಡಿದ. ಬೀದಿ ಪೂರ್ತಿ ಅವನ ಹಿಂದೆ, ಮದುವೆ ದಿಬ್ಬಣದ ಹಾಗೆ.

ಅವನ ಮನೆ ಬಾಗಿಲಲ್ಲಿ ಟವಾರೆಸ್ ನಿಂತಿದ್ದರು. ಅವನನ್ನು ಒಳಗೆ ಎಳೆದು ಬಾಗಿಲು ಹಾಕಿದರು.

"ನಿಜ ಹೇಳಪ್ಪಾ. ಏನದು?"

"ಕೋಳಿ, ಯಜಮಾನ್ರೇ. ನಮ್ಮವರ ಅಂಗಡೀದೇ. ರುಚಿ ನೋಡಿ, ನಿಮಗೇ ಗೊತ್ತಾಗುತ್ತೆ."

ಅಡುಗೆಮನೆಗೆ ಧಾವಿಸಿ, ಎರಡು ಸಾಸೇಜು ಹುರಿದು ತಂದ. ಟವಾರೆಸ್ ಒಂದು ಚೂರು ಕಚ್ಚಿದರು. ಅವರ ಕಣ್ಣು ತುಂಬಿಬಂತು.

"ನಮ್ಮಮ್ಮನೂ ಹೀಗೇ ಮಾಡಿ ಕಿಟಕಿಗೆ ಕಟ್ತಿದ್ಲು ಕಣೋ. ಕೋಳೀನೇ! ನೀನು ಹೆದರಬೇಡ, ಅಳಿಯಾ." ಎರಡನ್ನೂ ಮುಗಿಸಿ ಬೆರಳು ಚೀಪಿದರು. "ಆದ್ರೆ ಅಮ್ಮನ ಕೈಲೂ ಇಷ್ಟು ರುಚಿ ಬರ್ತಿರಲಿಲ್ಲ. ಏನು ಹಾಕ್ದೆ?"

'ಅಳಿಯಾ' ಅಂದದ್ದೇ ತಡ, ಗಾಸ್ಪಾರ್ ಉಬ್ಬಿಹೋಗಿದ್ದ.

"ಎಣ್ಣೆ ಮುಗಿದಿತ್ತು. ಬೆಣ್ಣೇಲಿ ಹುರಿದೆ!"

ಟವಾರೆಸರ ಬೆರಳು ಬಾಯಲ್ಲೇ ಉಳಿಯಿತು.

"ನಮ್ಮ ಧರ್ಮದಲ್ಲಿ ಮಾಂಸಕ್ಕೆ ಬೆಣ್ಣೆ ಸೋಕಿಸಬಾರದು ಅಂತ ನಿಂಗ್ಯಾರೂ ಹೇಳಲಿಲ್ವೇನೋ, ಪಾಪಿ?"

"ಧರ್ಮಪಾಠದಲ್ಲಿ ಹಂದಿ ತನಕ ಹೇಳಿಕೊಟ್ಟಿದ್ರು. ಬೆಣ್ಣೆ ಪಾಠ ಮುಂದಿನ ವಾರ ಅಂದಿದ್ರು."

ಹೊರಗಿನಿಂದ ಒರೊವಿದಮ್ಮನ ದನಿ: "ಏನ್ರೀ ಅದು, ಬೆಣ್ಣೆ ವಾಸನೆ?"

ಟವಾರೆಸ್ ಅವಸರವಾಗಿ ಗಡ್ಡ ಒರೆಸಿಕೊಂಡರು. ಕೋಳಿ ಎಂದರೆ, ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ತಿಂದು ನೋಡಿದೆ ಎಂದರೆ ಬೆಣ್ಣೆಯ ಪಾಪ ಅವರ ತಲೆಗೇ. ಗಾಸ್ಪಾರನ ಮುಖ ನೋಡದೆ ಬಾಗಿಲು ತೆರೆದರು.

"ಹಂದೀನೇ," ಎಂದರು. "ನೋಡಿದ ಕೂಡಲೇ ಗೊತ್ತಾಯ್ತು. ನಾನು ಬಾಯಿಗಿಡಲೂ ಇಲ್ಲ."