ಅತ್ತೆಗೆ ಆಧಾರ ಬೇಕು

ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಕೊಂಡಿದೆ: 'ಬಿಳಿಜೋಳದ ಹಿಟ್ಟು. ಆಧಾರ: ಗಿರಣಿಯವನ ಮಾತು. ಬೀಸುವಾಗ ನಾನು ನೋಡಿಲ್ಲ.'

ಚೀಟಿ ನನ್ನ ಸೋದರತ್ತೆಯದು. ಅವರಿಗೆ ತಲೆ ಕೆಟ್ಟಿದೆ ಎಂದು ನೆಂಟರಲ್ಲಿ ಸುದ್ದಿ ಇದೆ. ನೀವು ನಂಬಬೇಡಿ, ಅದು ಎಲ್ಲಿಯೂ ಅಚ್ಚಾಗಿಲ್ಲ!

ಹೈಸ್ಕೂಲು ಶಿಕ್ಷಕಿಯಾಗಿದ್ದ ಅತ್ತೆ ನಿವೃತ್ತರಾದ ಮೇಲೆ, ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶಕ್ಕೆ ಕನ್ನಡದಲ್ಲಿ ಲೇಖನ ಬರೆಯತೊಡಗಿದರು. ಮೊದಲನೆಯದು 'ಜೋಳದ ರೊಟ್ಟಿ'. ಅಡುಗೆ ಪುಸ್ತಕವೊಂದರ ಇಡೀ ಅಧ್ಯಾಯವನ್ನು ಒಂದು ಅಲ್ಪವಿರಾಮವೂ ತಪ್ಪದಂತೆ ಟೈಪು ಮಾಡಿ ಹಾಕಿದರು. ಸಂಜೆಯೊಳಗೆ ಅದು ಮಾಯ! ಆ ಜಾಗದಲ್ಲಿ ಒಂದು ಸೂಚನೆ: 'ಕೃತಿಸ್ವಾಮ್ಯ ಉಲ್ಲಂಘನೆ.'

"ಹಂಗಂದ್ರ ಏನ, ತಂಗಿ?" ಎಂದು ನನ್ನನ್ನು ಕೇಳಿದರು.

"ಕಾಪಿ ಹೊಡದೀರಿ ಅಂತ, ಅತ್ತಿ."

ಪರೀಕ್ಷೆಯಲ್ಲಿ ಹುಡುಗರ ಅಂಗಿಯ ತೋಳಿನಿಂದ ಕಾಪಿ ಚೀಟಿ ಎಳೆಯುವುದರಲ್ಲಿ ಹೆಸರಾದವರಿಗೆ ಈ ಮಾತು! ಮರುದಿನ 'ರುಚಿಕರ' ಇದ್ದಲ್ಲೆಲ್ಲ 'ಸ್ವಾದಿಷ್ಟ' ಎಂದು ತಿದ್ದಿ ಮತ್ತೆ ಹಾಕಿದರು. ಮತ್ತೆ ಮಾಯ.

"ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನ್ಯಾಗ ಬರೀಬೇಕ್ರಿ. ಕೆಳಗ ಆಧಾರ ಕೊಡಬೇಕು."

"ಇದನ್ನ ನಾ ಹುಡುಗ್ರಿಗೆ ಹೇಳತಿದ್ದೆ," ಎಂದರು ಸಣ್ಣ ದನಿಯಲ್ಲಿ.

ಅಂದಿನಿಂದ ಅವರು ಆಧಾರವಿಲ್ಲದೆ ಉಸಿರೂ ಆಡುವುದಿಲ್ಲ. ಒಮ್ಮೆ ದುರ್ಗದಬೈಲಿನ ಮಾರುಕಟ್ಟೆಯಲ್ಲಿ ಬದನೆಕಾಯಿ ಮಾರುವವನು, "ಇವತ್ತ ಮುಂಜಾನಿ ಹರದದ್ದರಿ, ಅಕ್ಕಾರ," ಎಂದ.

"ಆಧಾರ ಏನೈತಿ?"

ಪಾಪ, ಅವನು ಅಂಗಿಯ ಕಿಸೆಯಿಂದ ಆಧಾರ್ ಕಾರ್ಡು ತೆಗೆದು ಮುಂದೆ ಹಿಡಿದ! "ತಗೋರಿ. ಫೋಟೋ ಛಲೋ ಬಂದಿಲ್ಲ."

"ಇದಲ್ಲಪಾ. ನೀ ಮಾರಾಂವ, ನಿನ್ನ ಮಾತು ನಡಿಯಂಗಿಲ್ಲ. ಮೂರನೇದವ್ರು ಹೇಳಬೇಕು."

ಪಕ್ಕದಲ್ಲಿ ಕೊತ್ತಂಬರಿ ಹಿಡಿದು ಕೂತಿದ್ದ ಹೆಂಗಸು ತಲೆ ಎತ್ತದೆ ಹೇಳಿದಳು: "ನಿನ್ನೀವು ಅದಾವ್ರಿ ಅವು."

ಅತ್ತೆ ಅವಳಿಂದ ಎರಡು ಸಿವುಡು ಕೊತ್ತಂಬರಿ ಕೊಂಡರು. ಸ್ವತಂತ್ರ ಮೂಲ ಸಿಗುವುದೇನು ಸುಲಭವೇ?

ರೊಟ್ಟಿಯ ಲೇಖನ ಈಗ ಮಾಯವಾಗದೆ ನಿಂತಿತು. ಸಾಲುಸಾಲಿಗೂ ಪುಸ್ತಕದ ಆಧಾರ. ಒಂದು ಸಾಲು ಮಾತ್ರ ಅತ್ತೆಯ ಸ್ವಂತದ್ದು: 'ಹಂಚಿನ ಮೇಲೆ ಉಬ್ಬಿದ ರೊಟ್ಟಿಗೆ ರೊಟ್ಟಿ ನಕ್ಕಿತು ಎನ್ನುತ್ತಾರೆ.' ಅದರ ತುದಿಗೆ ಯಾರೋ ಸಣ್ಣ ಅಕ್ಷರದಲ್ಲಿ ಕೇಳಿದ್ದರು: 'ಯಾರು?'

"ಯಾರು ಅಂದ್ರ?" ಅತ್ತೆ ಪರದೆಗೇ ಉತ್ತರ ಕೊಟ್ಟರು. "ನಮ್ಮವ್ವ!"

ಅಮ್ಮಿನಬಾವಿಯ ನನ್ನಜ್ಜಿ. ನಾನು ಕಂಡಿಲ್ಲ. ರೊಟ್ಟಿ ಒಂದೇ ಸಲಕ್ಕೆ ದುಂಡಗೆ ಉಬ್ಬಿದರೆ "ನಕ್ಕತ ನೋಡ" ಎಂದು, ಅಂದು ಯಾವ ಮಗು ಅತ್ತಿತ್ತೋ ಅದರ ತಾಟಿಗೆ ಹಾಕುತ್ತಿದ್ದಳಂತೆ.

ನಾವಿಬ್ಬರೂ ಗ್ರಂಥಾಲಯದ ನಿಘಂಟುಗಳನ್ನು ತಿರುವಿದೆವು, ಅಡುಗೆ ಪುಸ್ತಕಗಳನ್ನು ಜಾಲಾಡಿದೆವು. ಎಲ್ಲ ಕಡೆ ರೊಟ್ಟಿ ಉಬ್ಬುತ್ತಿತ್ತು. ಎಲ್ಲಿಯೂ ನಗಲಿಲ್ಲ.

"ಇರಲಿ ಬಿಡ್ರಿ ಅತ್ತಿ. ಒಂದ ಸಾಲು. ಯಾರ ನೋಡತಾರ?"

ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗಿಯನ್ನು ನೋಡುವಂತೆ ನನ್ನನ್ನು ನೋಡಿದರು. "ನಾ ಕೇಳಿದ್ದು ನನ್ನ ಕಿವಿಗೆ ಖರೇ. ವಿಶ್ವಕೋಶಕ್ಕ ಅದು ಸ್ವಂತ ಸಂಶೋಧನಿ, ನಡಿಯಂಗಿಲ್ಲ. ನಿಯಮ ಎಲ್ಲಾರಿಗೂ ಒಂದ." ಎಂದವರೇ ತಾವೇ ಆ ಸಾಲನ್ನು ಅಳಿಸಿದರು.

ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸುತ್ತಾ ಕೂತರು.

"ನಮ್ಮವ್ವಂದು ಒಂದ ಮಾತೂ ಎಲ್ಲೂ ಅಚ್ಚಾಗಿಲ್ಲ, ತಂಗಿ. ರೇಷನ್ ಕಾರ್ಡಿನ್ಯಾಗ ಹೆಸರು ಬಂದಿತ್ತು, ಅದೂ ತಪ್ಪು. ನಾ ಹೋದ ಮ್ಯಾಲೆ ರೊಟ್ಟಿ ಬರೇ ಉಬ್ಬತಾವ."

ನಾನು ಮನೆಯ ಮಾತನ್ನು ಹೊರಗೆ ಆಡುವವಳಲ್ಲ. ಆದರೆ ಮರುದಿನ ಬೆಳಿಗ್ಗೆ, ಅತ್ತೆ ಏಳುವ ಮೊದಲು, ಕೂತು ಇದನ್ನು ಪತ್ರಿಕೆಗೆಂದು ಬರೆದೆ. ಅಚ್ಚಾದರೂ ಸೋದರಸೊಸೆಯ ಬರಹವನ್ನು ಆಧಾರವೆಂದು ಅವರು ಒಪ್ಪುತ್ತಾರೋ ಇಲ್ಲವೋ, ಗೊತ್ತಿಲ್ಲ. ಅಮ್ಮಿನಬಾವಿಯ ನಮ್ಮಜ್ಜಿ, ರೊಟ್ಟಿ ಉಬ್ಬಿದರೆ, ನಕ್ಕಿತು ಎನ್ನುತ್ತಿದ್ದಳು. ಸಂಪಾದಕರೇ, ಪುಟ ಸಂಖ್ಯೆ ಮಾತ್ರ ಸ್ಪಷ್ಟವಾಗಿ ಅಚ್ಚಾಗಲಿ.