ಅತ್ತಿ, ನಾನು ಮತ್ತು ಮರಳುಗಾಡಿನ ಎರ್ಲಡ್ಡು

ನಮ್ಮ ಮನೆಯಲ್ಲಿ ಯಾರಾದರೂ ದೂರದೂರಿಗೆ ಹೊರಟರೆ, ಅರ್ಧ ತಮಾಷೆ ಬಸ್ಸು ಹತ್ತುವ ಮೊದಲೇ ಆಗಿಬಿಡುತ್ತದೆ. ನಾನು ಶಲವಡಿ ಊರಿನ ಸೊಸೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎರ್ಲಡ್ಡು ಎಂಬ ದೊಡ್ಡ ಹಕ್ಕಿ ಅಳಿದುಹೋಗುತ್ತಿದೆ ಎಂದು ವರ್ಷಾ ವರ್ಷಾ ಪಾಠ ಮಾಡುತ್ತಿದ್ದೆ. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ನೀವು ನೋಡೀರೇನ್ರಿ?" ಅಂದಳು. ಇಲ್ಲ ಅನ್ನಲು ನಾಚಿಕೆಯಾಯಿತು. ಅವತ್ತೇ ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದು ಅಂತ ಗಟ್ಟಿ ಮಾಡಿದೆ.

ತ್ವಾಟ

ಹೊರಡುವವರು ನಾನು, ನನ್ನ ಗಂಡ ಇಬ್ಬರೇ ಇದ್ದೆವು. ಸುದ್ದಿ ಕೇಳಿ ಅತ್ತಿ ಕಡಲೆ ಹಸನು ಮಾಡುವುದನ್ನು ನಿಲ್ಲಿಸಿದರು.

"ಉದ್ಯಾನ ಅಂದ್ರ ತ್ವಾಟ ಅಲ್ಲೇನ?"

"ಹೌದ್ರಿ ಅತ್ತಿ, ಆದ್ರ ಇದು..."

"ಉಸುಕಿನ್ಯಾಗ ತ್ವಾಟ ಮಾಡ್ಯಾರ! ಇಲ್ಲಿ ಇಂಥಾ ಎರಿ ಭೂಮಿ ಇಟಗೊಂಡು ನಿಮ್ಮ ಮಾವನ ಕಡಿಂದ ನಾಕು ಬದನಿಗಿಡ ಆಗವಲ್ವು. ನಾನೂ ಬರ್ತೀನಿ, ಕಲತು ಬಂದು ಇವರಿಗೆ ಹೇಳ್ತೀನಿ."

ಅಂಗಳದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಮಾವ ಅಂದರು: "ಕರಕೊಂಡು ಹೋಗವಾ. ಬದನಿಗಿಡಕ್ಕೂ ಒಂದೀಟು ಆರಾಮ ಸಿಗತೈತಿ."

ರಜೆಯ ಕಾರಣ

ಎಂಟು ದಿನದ ರಜೆ ಬೇಕಿತ್ತು. ಸುಳ್ಳು ಯಾಕೆ ಅಂತ ಅರ್ಜಿಯಲ್ಲಿ "ಎರ್ಲಡ್ಡು ನೋಡುವ ಸಲುವಾಗಿ" ಎಂದೇ ಬರೆದೆ. ಹೆಡ್‌ಮಾಸ್ತರರು ಚಷ್ಮಾ ಹಣೆಗೇರಿಸಿ ಎರಡು ಸಲ ಓದಿದರು.

"ಏನ್ರಿ ಟೀಚರ, ಎರಡು ಲಡ್ಡು ನೋಡಾಕ ಎಂಟು ದಿನಾ ಬೇಕೇನ್ರಿ?"

"ಎರಡು ಲಡ್ಡು ಅಲ್ರಿ ಸರ್, ಎರ್ಲಡ್ಡು. ಹಕ್ಕಿ."

ನಾನು ಪಾಠದ ಪುಸ್ತಕ ತೆಗೆದು ಚಿತ್ರ ತೋರಿಸಿದೆ. ತುಸು ನಾಚಿ ಸಹಿ ಹಾಕಿಕೊಟ್ಟರು. ಬಾಗಿಲ ತನಕ ಹೋದವಳನ್ನು ಮತ್ತೆ ಕರೆದರು.

"ಬರೂಮುಂದ ಲಡ್ಡೂನೂ ತರ್ರಿ. ನೋಡೂದು ನಿಮಗಿರಲಿ."

ಎಲ್ಲಾ ತಿಳೀತು

ಅಲ್ಲಿ ನಾವು ಉಳಿಯಬೇಕಿದ್ದ ಮನೆಯ ಯಜಮಾನನಿಗೆ ಗಂಡ ಫೋನ್ ಹಚ್ಚಿದರು. ಊಟಕ್ಕೆ ಸಜ್ಜಿ ರೊಟ್ಟಿ ಕೊಡುತ್ತೇವೆ ಅಂತ ಆತ ಹಿಂದಿಯಲ್ಲಿ ಹೇಳಿದ. 'ರೋಟಿ' ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಅತ್ತಿ ಫೋನ್ ಕಸಿದುಕೊಂಡರು. ಅವರಿಗೆ ಹಿಂದಿ ಬಾರದು, ಆತನಿಗೆ ಕನ್ನಡ ಬಾರದು. ಹತ್ತು ನಿಮಿಷ ಮಾತಾಡಿದರು. ನಡುವೆ ಇಬ್ಬರೂ ನಕ್ಕರು ಕೂಡ.

"ಅವ್ವಾ, ಏನರ ತಿಳೀತೇನ?" ಗಂಡ ಕೇಳಿದರು.

"ಎಲ್ಲಾ ತಿಳೀತು. ಅಲ್ಲಿ ರೊಟ್ಟಿ ನಾನ ಬಡಿಯೂದು ಅಂತ ಆಗೇತಿ."

ಮರುದಿನ ಆತನಿಂದ ಗಂಡನಿಗೆ ಸಂದೇಶ ಬಂತು: "ಮಾತಾಜಿ ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದೇನೆ. ನಾನು ಯಾವುದಕ್ಕೆ ಒಪ್ಪಿದ್ದೇನೆ ಅಂತ ದಯಮಾಡಿ ತಿಳಿಸಿರಿ."

ಕೋಳಿ

ಅಂತೂ ಹೋದೆವು. ಎರಡನೆಯ ದಿನ ಬೆಳಿಗ್ಗೆ ಹುಲ್ಲುಗಾವಲಿನ ಅಂಚಿನಲ್ಲಿ ಜೀಪು ನಿಂತಿತು. ಅರಣ್ಯ ರಕ್ಷಕ ದೂರಕ್ಕೆ ಬೊಟ್ಟು ಮಾಡಿ ತೋರಿಸಿದ. ದುರ್ಬೀನಿನಲ್ಲಿ ಕಂಡಿತು: ಎತ್ತರದ ಬಿಳಿ ಕೊರಳು, ತಲೆಯ ಮೇಲೆ ಕರಿ ಟೊಪ್ಪಿಗೆ, ಯಾರ ಹಂಗೂ ಇಲ್ಲದ ನಡಿಗೆ. ನನಗೆ ಕಣ್ಣು ತುಂಬಿ ಬಂತು. ಅತ್ತಿಗೆ ದುರ್ಬೀನು ಕೊಟ್ಟೆ.

"ಅಯ್ಯ! ಇದು ನಮ್ಮ ಎರಿಭೂತ!"

ಎರಿಭೂತ ಅಂದರೆ ಎರ್ಲಡ್ಡಿಗೇ ನಮ್ಮ ಕಡೆಯ ಹಳೆಯ ಹೆಸರು. ಮದುವೆಯಾಗಿ ಬಂದ ವರ್ಷ ಹೊಲಕ್ಕೆ ಬುತ್ತಿ ಒಯ್ಯುವಾಗ, ನಡುವಿನ ಮಟ ಎತ್ತರದ ಈ ಹಕ್ಕಿ ಹತ್ತಿಗಿಡದ ಸಾಲಿನಿಂದ ಎದ್ದು ಅತ್ತಿಯ ಎದುರೇ ನಿಂತಿತ್ತಂತೆ. ಬುತ್ತಿ ಒಗೆದು ಓಡಿ ಬಂದರೆ, "ಹೊಸ ಸೊಸಿ ಕೋಳಿಗೆ ಹೆದರ್ಯಾಳ" ಅಂತ ಊರೆಲ್ಲ ನಕ್ಕಿತು. ಮಾವ ಅಂತೂ ಐವತ್ತು ವರ್ಷ ನಗುವುದನ್ನು ನಿಲ್ಲಿಸಲಿಲ್ಲ.

ನಾನು ಇದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ರಕ್ಷಕ ಟೊಪ್ಪಿಗೆ ತೆಗೆದು ಅತ್ತಿಗೆ ಕೈಮುಗಿದ. ತಾನು ಇಷ್ಟು ವರ್ಷವಾದರೂ ಅಷ್ಟು ಹತ್ತಿರದಿಂದ ಒಂದನ್ನೂ ನೋಡಿಲ್ಲವಂತೆ. ಹನ್ನೆರಡು ವರ್ಷ ಪಾಠ ಮಾಡಿದ ನಾನು, ಹಕ್ಕಿ ನೋಡಿದಾಕೆಯನ್ನು ಮನೆಯಲ್ಲೇ ಇಟ್ಟುಕೊಂಡು ಒಂದು ದಿನವೂ ಕೇಳಿರಲಿಲ್ಲ. ಆದರೂ ಜೀಪಿನಲ್ಲಿ ಆಕೆಯ ಬಾಜೂ ಎದೆಯುಬ್ಬಿಸಿ ಕೂತೆ.

ಮಧ್ಯಾಹ್ನ ನೆಟ್‌ವರ್ಕ್ ಸಿಕ್ಕಾಗ ಅತ್ತಿ ಫೋನ್ ಹಿಡಿದು ನಾವು ಉಳಿದ ಮನೆಯ ಹಿಂದೆ ಹೋದರು. ಬಹಳ ಹೊತ್ತಿನ ಮೇಲೆ ಬಂದು, ಮಾವನಿಗೆ ಹಚ್ಚಿ, ಸ್ಪೀಕರ್ ಹಾಕಿ ನಮ್ಮ ಎದುರಿಗಿಟ್ಟರು. ರಕ್ಷಕ ತೆಗೆದುಕೊಟ್ಟ ಫೋಟೋ ಅವರಿಗೂ ಹೋಗಿತ್ತು.

"ನೋಡಿದ್ರಿ? ಇದು ಕೋಳಿ ಏನ್ರಿ?"

ಮಾವ ಮೆತ್ತಗೆ ಅಂದರು: "ತಪ್ಪಾತು. ನೀ ಬಂದ ಮ್ಯಾಲ ನಾನ ಊರಾಗ ಎಲ್ಲಾರ ಮುಂದ ಹೇಳ್ತೀನಿ."

"ನೀವೇನು ಹೇಳ್ತೀರಿ! ಊರಿಗೆಲ್ಲಾ ಹೇಳಿ ಮುಗಿಸಿ, ನಿಮಗ ಕಟ್ಟಕಡೀಕ ಹಚ್ಚೀನಿ."